ವಿಂಬಲ್ಡನ್ನಿನ ಹುಲ್ಲು

ಕಂಪಲಾಪುರದ ಮನೆಯಲ್ಲಿ ನಾನು ಟಿವಿಯಲ್ಲಿ ವಿಂಬಲ್ಡನ್ ನೋಡುತ್ತಿದ್ದೆ. ದೊಡ್ಡಪ್ಪ ಹಸುಗಳಿಗೆ ಮೇವು ಹಾಕಿ ಬಂದು ಪಕ್ಕದಲ್ಲಿ ಕುಳಿತರು. ಅವರು ನೋಡಿದ್ದು ಚೆಂಡನ್ನಲ್ಲ, ಹುಲ್ಲನ್ನು.

ಹಿಂದೆ ಟೆನಿಸ್‌ನ ನಾಲ್ಕು ದೊಡ್ಡ ಪಂದ್ಯಾವಳಿಗಳಲ್ಲಿ ಮೂರು ಹುಲ್ಲಿನ ಮೇಲೆಯೇ ನಡೆಯುತ್ತಿದ್ದವು. ಅಮೆರಿಕ, ಆಸ್ಟ್ರೇಲಿಯಾದವರು ಹುಲ್ಲು ತೆಗೆಸಿದರು, ಈಗ ಉಳಿದಿರುವುದು ಇದೊಂದೇ ಎಂದೆ.

"ನಮ್ಮ ಗೋಮಾಳ ಸೈಟಾದಂಗೆ ಅನ್ನು," ಎಂದರು ದೊಡ್ಡಪ್ಪ. ದನ ಮೇಯುತ್ತಿದ್ದ ಆ ಜಾಗವನ್ನು ಅಳತೆ ಮಾಡಿಸಲು ಕಾರಿನಲ್ಲಿ ಬಂದಿಳಿದ ಪಂಚೆ-ಜುಬ್ಬದ ಮುಖಂಡರನ್ನು ಅವರು ಇನ್ನೂ ಮರೆತಿಲ್ಲ.

"ಇದು ಎಲ್ಲೂ ಹೋಗಲ್ಲ ದೊಡ್ಡಪ್ಪ. ಭಾರಿ ಕಟ್ಟುನಿಟ್ಟು. ಬಿಳಿ ಬಟ್ಟೆ ಹಾಕ್ಕೊಂಡು ಬಂದೋರಿಗೆ ಮಾತ್ರ ಆಡೋಕೆ ಬಿಡ್ತಾರೆ," ಎಂದೆ.

ದೊಡ್ಡಪ್ಪ ಟವೆಲ್ ಕೊಡವಿಕೊಂಡು ಎದ್ದರು.

"ಬಿಳಿ ಬಟ್ಟೆಯೋರು ಬಂದ ಮ್ಯಾಲೆ ಅದೂ ಉಳಿಯಕಿಲ್ಲ ಬುಡು."