ಸಿಗ್ನೆ ಎಣಿಸಿದ ಗಾಲಿಯ ಸುತ್ತು

ಡಾರ್ಲಿಸ್ ಮೋಯನ್‌ಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳಿ ಏನು ಪ್ರಯೋಜನ? ಅವಳ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದು ಗೋಧಿ ಹೊಲ. ಹೊಲದ ಆಚೆ ಬದಿಯಲ್ಲಿ ನಡೆಯುವುದೆಲ್ಲ ಐವತ್ತು ವರ್ಷದಿಂದ ನನ್ನ ಅಡುಗೆಮನೆಯ ಕಿಟಕಿಗೆ ಕಾಣುತ್ತದೆ. ಒಂದೇ ಮಳೆ, ಒಂದೇ ಮಣ್ಣು, ಆದರೂ ಅವರ ತೆನೆ ನಮ್ಮದಕ್ಕಿಂತ ಒಂದು ಗೇಣು ಎತ್ತರ. ಕ್ರಿಸ್‌ಮಸ್ಸಿಗೆ ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರೆಲ್ಲ ಕೂಡಿ ಲೆಫ್ಸೆ ಲಟ್ಟಿಸುತ್ತೇವೆ. ಆಲೂಗಡ್ಡೆಯ ಆ ರೊಟ್ಟಿ ನನ್ನ ಕೈಯಲ್ಲಿ ಹರಿದುಹೋಗುತ್ತದೆ, ಅವಳ ಕೈಯಲ್ಲಿ ಆಚೆ ಬದಿ ಕಾಣುವಷ್ಟು ತೆಳ್ಳಗಾಗುತ್ತದೆ. ಇದನ್ನೆಲ್ಲ ಹೇಗೋ ನುಂಗಿಕೊಂಡಿದ್ದೆ. ನುಂಗಲಾಗದ್ದು ಒಂದೇ, ಅವಳ ಮುತ್ತಾತ ಹಾಲ್ವರ್ ಮೋಯನ್ ನಾರ್ವೆಯಿಂದ ವಲಸೆ ಬಂದವರು ಕಟ್ಟಿದ ನಮ್ಮ ಊರು ನೂರ್ಲಿಯ ಮೊದಲ ಒಕ್ಕಲು ಎಂಬ ಮಾತು.

ಈ ಬೇಸಿಗೆಗೆ ನೂರ್ಲಿ ಹುಟ್ಟಿ ನೂರ ನಲವತ್ತು ವರ್ಷ. ಚರ್ಚಿನ ಮುಂದೆ ಒಂದು ಕಲ್ಲು ನಿಲ್ಲಿಸಿ ಮೊದಲ ಒಕ್ಕಲಿನ ಹೆಸರು ಕೆತ್ತಿಸುವುದೆಂದು ಸಮಿತಿ ತೀರ್ಮಾನಿಸಿತು. ಸಮಿತಿಯ ಅಧ್ಯಕ್ಷೆ ಯಾರು? ಇನ್ನಾರು, ಡಾರ್ಲಿಸ್.

“ನೆಲಕ್ಕೆ ಮೊದಲು ಅರ್ಜಿ ಹಾಕಿದವರ ಹೆಸರೋ, ಮೊದಲು ಬಂದು ಉಳಿದವರ ಹೆಸರೋ?” ಎಂದು ನಾನು ಸಭೆಯಲ್ಲಿ ಎದ್ದು ಕೇಳಿದೆ.

“ಬಂದು ಉಳಿದವರದು ಕಣೇ ವರ್ನಾ. ಅರ್ಜಿ ಯಾರು ಬೇಕಾದ್ರೂ ಹಾಕ್ತಾರೆ,” ಎಂದಳು. “ನಿಮ್ಮ ಸಿಗ್ನೆ ಮುತ್ತಜ್ಜಿನೂ ಅದೇ ವರ್ಷ ಬಂದಿದ್ದಲ್ವಾ? ಪಾಪ, ಒಂಟಿ ಹೆಂಗಸು.”

ಆ ‘ಪಾಪ’ ಇದೆಯಲ್ಲ, ಅದು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಸಿಕ್ಕಿಕೊಂಡಿತು. “ಅವಳೇ ಮೊದಲು ಅನ್ನೋದಕ್ಕೆ ಆಧಾರ ತಂದ್ರೆ?”

“ತಾರೇ, ಬೇಡ ಅಂದೋರ್ಯಾರು? ಕಲ್ಲು ಕೆತ್ತೋನು ಜೂನ್ ಹತ್ತಕ್ಕೆ ಶುರು ಮಾಡ್ತಾನೆ. ಅಷ್ಟರೊಳಗೆ ತಂದ್ರೆ ನಿಮ್ಮಜ್ಜಿ ಹೆಸರೇ ಕೆತ್ತಿಸೋಣ.” ನಕ್ಕಳು. ಎಲ್ಲರೂ ನಕ್ಕರು.

ಮರುದಿನವೇ ಕೌಂಟಿ ಕಚೇರಿಯ ದಾಖಲೆ ಕೋಣೆಗೆ ಹೋಗಿ ಕೂತೆ. ಅಲ್ಲಿಯ ಗುಮಾಸ್ತ ಮರ್ಲ್‌ಗೆ ಒಂದು ವಾರದಲ್ಲಿ ನಾನು ಸಾಕಾಗಿಹೋದೆ.

“ಮತ್ತೆ ಬಂದ್ರಾ ವರ್ನಾ? ಇಲ್ಲೇ ಒಂದು ಮಂಚ ಹಾಕಿಸ್ಲಾ?”

“ಹಾಕ್ಸಪ್ಪ. ಪಕ್ಕದಲ್ಲಿ ಕಾಫಿನೂ ಇಡು.”

ಸಿಗ್ನೆ ರುಡಿಯ ಬದುಕು ಚೂರುಚೂರಾಗಿ ಕೈಗೆ ಸಿಕ್ಕಿತು. ಚರ್ಚಿನ ಪುಸ್ತಕದಲ್ಲಿ ಒಂದು ಸಾಲು: ನಾರ್ವೆಯ ವಾಲ್ಡ್ರೆಸ್ ಕಣಿವೆಯವಳು, ವಯಸ್ಸು ಇಪ್ಪತ್ತಮೂರು, ಮನೆಗೆಲಸದವಳು. 1888ರ ತೆರಿಗೆ ಪಟ್ಟಿಯಲ್ಲಿ ಇನ್ನೊಂದು ಸಾಲು: ಒಂದು ಹಸು, ಒಂದು ಕಬ್ಬಿಣದ ಒಲೆ, ಆರು ಕೋಳಿ. ಅದರ ಕೆಳಗೇ ಹಾಲ್ವರ್ ಮೋಯನ್: ಎರಡು ಎತ್ತು, ಮೂರು ಹಸು, ಒಂದು ಗಾಡಿ, ಒಂದು ಗೋಡೆ ಗಡಿಯಾರ. ಗಡಿಯಾರವಂತೆ! ಆ ಹುಲ್ಲುಗಾವಲಿನಲ್ಲಿ ಇವನು ಯಾವ ರೈಲು ಹಿಡಿಯಬೇಕಾಗಿತ್ತೋ! ಮೋಯನ್ ಮನೆತನ ಆಗಲೇ ನಮಗಿಂತ ಮುಂದಿತ್ತು ಎಂದು ನೋಡಿ ನನ್ನ ಹೊಟ್ಟೆ ಉರಿಯಿತು.

ಹಳೆಯ ಪತ್ರಿಕೆಯಲ್ಲಿ ಅವಳ ಪ್ರಕಟಣೆ ಸಿಕ್ಕಿತು. ಸರ್ಕಾರ ಕೊಟ್ಟ ನೂರರವತ್ತು ಎಕರೆಯಲ್ಲಿ ಐದು ವರ್ಷ ವಾಸವಿದ್ದು, ಉತ್ತು, ಬಿತ್ತಿ, ಕೊನೆಗೆ ನೆರೆಯವರಿಂದ ಸಾಕ್ಷಿ ಹೇಳಿಸಬೇಕು. ಆಗಲೇ ನೆಲ ತನ್ನದಾಗುವುದು. ಸಾಕ್ಷಿಗಳ ಹೆಸರನ್ನು ಮುಂಚೆಯೇ ಪತ್ರಿಕೆಯಲ್ಲಿ ಹಾಕಬೇಕು. ಸಿಗ್ನೆಯ ಪ್ರಕಟಣೆಯಲ್ಲಿ ಮೊದಲ ಹೆಸರೇ ಹಾಲ್ವರ್ ಮೋಯನ್.

“ಇವನು ಇಲ್ಲೂ ಬಂದ್ನಾ!” ಎಂದು ಜೋರಾಗಿಯೇ ಅಂದುಬಿಟ್ಟೆ. ಮರ್ಲ್ ಕನ್ನಡಕದ ಮೇಲಿಂದ ನೋಡಿದ.

ಆಮೇಲೆ ಜಮೀನು ಕಚೇರಿಯ ಹಳೆಯ ಕಡತದ ನಕಲಿಗಾಗಿ ಬರೆದು ಹಾಕಿದೆ. ಜೂನ್ ಏಳಕ್ಕೆ ದಪ್ಪ ಲಕೋಟೆ ಬಂತು. ಊಟ ಬಿಟ್ಟು ಓದಿದೆ.

1891ರ ಸಾಕ್ಷಿ ಹೇಳಿಕೆ. ಈ ಹೆಂಗಸು ಎಂದಿನಿಂದ ಇಲ್ಲಿ ವಾಸವಿದ್ದಾಳೆ ಎಂಬ ಪ್ರಶ್ನೆಗೆ ಹಾಲ್ವರ್ ಪ್ರಮಾಣ ಮಾಡಿ ಹೇಳಿದ ಉತ್ತರ ಹೀಗಿತ್ತು: “1886ರ ಮೇ ಹತ್ತೊಂಬತ್ತರಂದು ನಾನು ಗಾಡಿಯೊಂದಿಗೆ ಬಂದಾಗ ಕಣ್ಣಿಗೆ ಕಂಡದ್ದು ಒಂದೇ ಹೊಗೆ. ಅದು ಇವಳ ಒಲೆಯದು. ಅವತ್ತು ಇವಳ ಮನೆಯಲ್ಲೇ ಉಂಡೆ. ಇವಳು ನನಗಿಂತ ಮೊದಲೇ ಬಂದಿದ್ದಳು.”

ಕುರ್ಚಿಯಿಂದ ಎದ್ದು ಅಡುಗೆಮನೆಯಲ್ಲಿ ಎರಡು ಸುತ್ತು ಕುಣಿದೆ. ಅರವತ್ತೆಂಟರ ಮಂಡಿ ಮೂರನೆಯದಕ್ಕೆ ಒಪ್ಪಲಿಲ್ಲ. ಮೋಯನ್ನನೇ ಮೋಯನ್ನನ ವಿರುದ್ಧ ಸಾಕ್ಷಿ! ಇದಕ್ಕಿಂತ ಇನ್ನೇನು ಬೇಕು?

ಕುಣಿದು ಕೂತು ಉಳಿದ ಹಾಳೆಗಳನ್ನು ಓದಿದೆ. ಓದಬಾರದಿತ್ತು.

ಆಗೆಲ್ಲ ಒಕ್ಕಲುಗಳ ಬಳಿ ನೆಲ ಅಳೆಯಲು ಹಗ್ಗವಿಲ್ಲ, ಸರಪಳಿಯಿಲ್ಲ. ಗಾಡಿಯ ಗಾಲಿಗೆ ಒಂದು ಬಟ್ಟೆ ಕಟ್ಟಿ, ಅದು ಎಷ್ಟು ಸಲ ಮೇಲೆ ಬಂತೆಂದು ಎಣಿಸುತ್ತ ಹೋಗುವುದು. ಸರ್ವೆಯವರ ಮಣ್ಣುದಿಬ್ಬದಿಂದ ನೂರ ತೊಂಬತ್ತು ಸುತ್ತು ಎಣಿಸಿದರೆ ತನ್ನ ಗಡಿ. ಸಿಗ್ನೆ ಬಾಡಿಗೆ ಗಾಡಿಯಲ್ಲಿ ಕೂತು ಎಣಿಸುತ್ತಿದ್ದಾಗ ಎತ್ತುಗಳು ಬೆದರಿ ಓಡಿದವು, ಲೆಕ್ಕ ತಪ್ಪಿತು. ಇಪ್ಪತ್ತು ಸುತ್ತು ಹೆಚ್ಚು ದೂರ ಹೋಗಿ ಅಲ್ಲಿ ಹಲಗೆಮನೆ ಕಟ್ಟಿಕೊಂಡಳು. ಅವಳ ಮನೆ ನಿಂತದ್ದು ಹಾಲ್ವರನ ನೆಲದಲ್ಲಿ. ಇಬ್ಬರಿಗೂ ಅದು ಗೊತ್ತಿರಲಿಲ್ಲ.

ಹಾಲ್ವರನ ನೆಲದಲ್ಲಿ ಒಂದು ಒರತೆ ಇತ್ತು, ಬೇಸಿಗೆಯಲ್ಲೂ ಬತ್ತದ್ದು. ಸಿಗ್ನೆಯ ನೆಲದಲ್ಲಿ ಎಲ್ಲಿ ತೋಡಿದರೂ ಉಪ್ಪುನೀರು. 1888ರ ಚಳಿಗಾಲ ಅವನು ಮರ ಕಡಿಯಲು ಮಿನೆಸೋಟದ ಕಾಡಿಗೆ ಹೋದ. ಅವನ ಹಸುಗಳಿಗೆ ಹುಲ್ಲು ಹಾಕುವ ಕೆಲಸ ಇವಳು ಒಪ್ಪಿಕೊಂಡಿದ್ದಳು. ಹುಲ್ಲು ಹಾಕುತ್ತಲೇ ಜಮೀನು ಕಚೇರಿಗೆ ದೂರು ಕೊಟ್ಟಳು: ಹಾಲ್ವರ್ ಮೋಯನ್ ನೆಲ ಬಿಟ್ಟುಹೋಗಿ ಆರು ತಿಂಗಳಾಯಿತು, ಕಾನೂನಿನಂತೆ ಅವನ ಹಕ್ಕು ಹೋಯಿತು, ಅದನ್ನು ತನಗೆ ಕೊಡಬೇಕು. ಅವನು ಹೋಗಿ ಆಗಿದ್ದದ್ದು ಮೂರೇ ತಿಂಗಳು. ಹಸುಗಳಿಗೆ ದಿನವೂ ಹುಲ್ಲು ಹಾಕುವವಳಿಗೆ ಅದು ಗೊತ್ತಿರಲಿಲ್ಲವೇ?

ದೂರಿನ ಮೇಲೆ ಗಡಿ ನೋಡಲು ಸರ್ವೆಯವನು ಬಂದ. ಅವನು ಅಳೆದಾಗಲೇ ಸಿಗ್ನೆಯ ಮನೆ ಎಲ್ಲಿದೆಯೆಂದು ಬಯಲಾದದ್ದು. ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದಳು. ಹಾಲ್ವರ್ ಮನಸ್ಸು ಮಾಡಿದ್ದರೆ ಅವಳನ್ನು ಹೊರಹಾಕಿಸಬಹುದಿತ್ತು, ಎರಡು ವರ್ಷದ ವಾಸವೇ ಸುಳ್ಳೆನ್ನಬಹುದಿತ್ತು. ಅವನು ಮಾಡಿದ್ದಿಷ್ಟು: ಮನೆಯಡಿ ಎರಡು ದಿಮ್ಮಿ ಕೊಟ್ಟು, ಎತ್ತು ಹೂಡಿ, ಹಿಮದ ಮೇಲೆ ಎಳೆದು ಅವಳ ಗಡಿಯೊಳಗೆ ಬಿಟ್ಟ. ಮೂರು ವರ್ಷದ ಮೇಲೆ ಹೋಗಿ ಸಾಕ್ಷಿ ಹೇಳಿದ. ನೆಲ ಕೈಗೆ ಬಂದ ವಾರದಲ್ಲೇ ಸಿಗ್ನೆ ಬಡಗಿಯೊಬ್ಬನನ್ನು ಮದುವೆಯಾದಳು. ಐದು ಮಕ್ಕಳನ್ನು ಹೆತ್ತು, ಉಪ್ಪುನೀರು ಕುಡಿದುಕೊಂಡೇ 1931ರಲ್ಲಿ ತೀರಿಕೊಂಡಳು.

ನನಗೆ ಬಂದ ಸಿಟ್ಟು ಸಿಗ್ನೆಯ ಮೇಲಲ್ಲ, ಹಾಲ್ವರನ ಮೇಲೆ. ಒಳ್ಳೆಯತನದಲ್ಲೂ ಇವರೇ ಮುಂದಿರಬೇಕೆ? ನಮಗೆ ಅಂತ ಒಂದನ್ನಾದರೂ ಬಿಡಬಾರದಿತ್ತೆ?

ಜೂನ್ ಒಂಬತ್ತರ ಬೆಳಿಗ್ಗೆ ಸಾಕ್ಷಿಯ ಹಾಳೆಗಳನ್ನು ಕೈಯಲ್ಲಿ ಹಿಡಿದುಕೊಂಡು, ದೂರಿನ ಹಾಳೆಯನ್ನು ಕೈಚೀಲದ ತಳಕ್ಕೆ ತುರುಕಿ ಡಾರ್ಲಿಸ್ ಮನೆಗೆ ಹೋದೆ. ಅವಳು ಅಡುಗೆಮನೆಯಲ್ಲಿ ನಿಂತೇ ಓದಿದಳು. ಓದುತ್ತ ಅವಳ ಮುಖ ಸಣ್ಣಗಾಯಿತು. ಈ ಮುಖ ನೋಡಬೇಕೆಂದು ಐವತ್ತು ವರ್ಷ ಕಾದಿದ್ದೆ, ಕಣ್ಣು ತುಂಬ ನೋಡಿದೆ.

“ಹಾಗಾದ್ರೆ ನಾವು ಮೊದಲಲ್ಲ,” ಎಂದಳು.

“ನಿಮ್ಮಜ್ಜನೇ ಹೇಳಿದ್ದಾನೆ. ನಾನಲ್ಲ.”

“ಹೂಂ. ಕಡತದಲ್ಲಿ ಇನ್ನೇನಿದೆ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಚೀಲವನ್ನು ಎದೆಗೆ ಅವುಚಿಕೊಂಡೆ. “ಏನೂ ಇಲ್ಲ.”

ಅವಳು ಹಾಳೆಗಳನ್ನು ಮೇಜಿನ ಮೇಲಿಟ್ಟಳು. ಗೋಡೆಯ ಫೋನು ಎತ್ತಿ ಕಲ್ಲು ಕೆತ್ತುವವನಿಗೆ ಹೇಳಿದಳು: “ಹೆಸರು ಬದಲಾಗಿದೆ ಕಣಪ್ಪ. ಬರ್ಕೋ. ಸಿಗ್ನೆ ರುಡಿ. ಹೌದು, ಅವಳೊಬ್ಬಳದೇ.” ಫೋನು ಇಟ್ಟು, ಬೆನ್ನು ತಿರುಗಿಸಿ ಕಾಫಿ ಬಗ್ಗಿಸತೊಡಗಿದಳು.

ಗೆದ್ದೆ. ಗೆದ್ದವಳಿಗೆ ಕಾಫಿ ಬೇರೆ. ನೋಡಿ, ಇವಳೂ ಥೇಟ್ ಹಾಲ್ವರನೇ. ಕೊಟ್ಟುಬಿಟ್ಟಳು, ಕೈ ತೊಳೆದುಕೊಂಡಳು. ಇವಳು ಕೊಟ್ಟ ಕಲ್ಲನ್ನು ದಿನಾ ನೋಡಿಕೊಂಡು ನಾನು ಬದುಕಬೇಕೆ? ತಡೆಯಲಾಗಲಿಲ್ಲ. ಚೀಲದ ತಳದಿಂದ ಹಾಳೆ ಎಳೆದು ಮೇಜಿನ ಮೇಲೆ ಬಡಿದೆ.

“ಓದು ಇದನ್ನೂ. ಓದಿ ಬೇಕಾದ್ರೆ ಇನ್ನೊಂದ್ಸಲ ಫೋನ್ ಮಾಡು.”

ಎರಡು ಸಲ ಓದಿದಳು. ಸಿಗ್ನೆಯ ದಪ್ಪಕ್ಷರದ ಸಹಿಯ ಮೇಲೆ ಬೆರಳಿಟ್ಟಳು. “ಹಸುಗಳಿಗೆ ಹುಲ್ಲು ಹಾಕ್ತಾನೇ ದೂರು ಕೊಟ್ಳಾ? ಅಯ್ಯೋ ವರ್ನಾ, ಥೇಟ್ ನೀನೇ ಕಣೇ!”

ಖಾಲಿ ಚೀಲವನ್ನು ಮತ್ತೆ ಎದೆಗೆ ಅವುಚಿಕೊಂಡೆ.

“ಹಾಲ್ವರಜ್ಜಂಗೆ ಇದೆಲ್ಲ ಗೊತ್ತಿದ್ದೂ ಸಾಕ್ಷಿ ಹೇಳ್ದ. ನಾನಾಗಿದ್ರೆ ಹೇಳ್ತಿರ್ಲಿಲ್ಲ,” ಎಂದಳು ಡಾರ್ಲಿಸ್. “ಫೋನು ಎತ್ತುವಾಗ ನಂಗೆ ಹೇಗಾಯ್ತು ಗೊತ್ತಾ? ಒಂಟಿ ಹೆಂಗಸು, ಆ ಬಯಲಲ್ಲಿ ಅವಳದೊಂದೇ ಹೊಗೆ! ಅಂಥ ಅಜ್ಜಿ ನಿಂಗ್ಯಾಕೆ ಸಿಗ್ಬೇಕಿತ್ತು ಅಂತ ಹೊಟ್ಟೆ ಉರಿದುಹೋಯ್ತು. ಈ ಹಾಳೆಗಳ್ನ ಒಲೆಗೆ ಹಾಕ್ಬಿಡೋಣ ಅನ್ನಿಸ್ತು.”

“ಹೊಟ್ಟೆ ಉರಿದಿದ್ದು ಯಾರಿಗೆ? ನಿಂಗಾ? ನನ್ನ ಮೇಲಾ?”

“ಹೂಂ ಮತ್ತೆ.”

ಕುರ್ಚಿ ಎಳೆದುಕೊಂಡು ಕೂತೆ.

“ಇನ್ನೊಂದ್ಸಲ ಹೇಳು,” ಎಂದೆ.