ಕುಂಡದಲ್ಲಿ ತೇಲಿದ ಚಿಪ್ಪುಗಳು

ಪ್ರಯೋಗಾಲಯದಲ್ಲಿ ಆಕೆಯನ್ನು ಎಲ್ಲರೂ ಹದ್ದುಗಣ್ಣಮ್ಮ ಎನ್ನುತ್ತಿದ್ದರು. ಇಟ್ಟಿಗೆಗೆ ಮಣ್ಣು ಅಗೆಯುವ ಗಣಿಯ ಗೋಡೆಯಿಂದ ಪದರ ಪದರವಾಗಿ ಮಣ್ಣು ಬರುತ್ತಿತ್ತು. ಸಾವಿರಾರು ವರ್ಷಗಳ ಹಿಂದೆ ಗಾಳಿ ಹೊತ್ತು ತಂದು ಗುಡ್ಡೆ ಹಾಕಿದ ನುಣ್ಣನೆಯ ಹಳದಿ ಧೂಳು ಅದು. ಅದನ್ನು ಜರಡಿಯಲ್ಲಿ ತೊಳೆದು, ಉಳಿದ ಕಸದೊಳಗಿನ ಬಸವನಹುಳುವಿನ ಚಿಪ್ಪುಗಳನ್ನು ಒದ್ದೆ ಕುಂಚದ ತುದಿಯಿಂದ ಹೆಕ್ಕಿ ಎಣಿಸುವುದು ಇಪ್ಪತ್ತಾರು ವರ್ಷಗಳಿಂದ ಆಕೆಯ ಕೆಲಸ. ದಪ್ಪ ಚಿಪ್ಪುಗಳಷ್ಟೇ ಇದ್ದರೆ ಆ ಕಾಲದಲ್ಲಿ ನೆಲ ಒಣ ಬಯಲು; ಸಾಸಿವೆಗಿಂತ ಸಣ್ಣವು ಸಿಕ್ಕರೆ ಹುಲ್ಲು, ಜೌಗು, ನೀರು.

ಬೇರೆಯವರು ಚಿಪ್ಪು ಹೆಕ್ಕಿ ಬಿಟ್ಟ ಕಸವನ್ನು ಮರುಪರೀಕ್ಷೆಗೆಂದು ಎತ್ತಿಡುತ್ತಿದ್ದರು. ಆಕೆಯದನ್ನು ಇಡುತ್ತಿರಲಿಲ್ಲ, ಅದೇ ಆಕೆಗೆ ಸಂದ ಮರ್ಯಾದೆ. ಎಸೆಯಲು ಮನಸ್ಸು ಬಾರದೆ ಡಬ್ಬದಲ್ಲಿ ಮನೆಗೆ ತರುತ್ತಿದ್ದಳು. ನಾದಿನಿ ಅದನ್ನು ಹೂಕುಂಡಗಳಿಗೆ ಬೆರೆಸುತ್ತಿದ್ದಳು.

ಭಾನುವಾರ ಬೆಳಿಗ್ಗೆ ನೀರು ಹಾಕುತ್ತಿದ್ದ ನಾದಿನಿ ಕೂಗಿದಳು. "ಅತ್ತಿಗೆ, ಬನ್ನಿ ಇಲ್ಲಿ. ಕುಂಡದಲ್ಲಿ ರವೆ ತೇಲ್ತಿದೆ!"

"ಎಲ್ಲೇ? ಏನೂ ಇಲ್ವಲ್ಲ."

"ಮೂಗಿನ ಕೆಳಗೇ ಇದೆ. ಹದ್ದುಗಣ್ಣಂತೆ ಹದ್ದುಗಣ್ಣು! ಆ ಹದ್ದಿಗೆ ಮೊದಲು ಕನ್ನಡಕ ಹಾಕ್ಸಿ."

ಆಕೆ ತೇಲಿದ್ದನ್ನು ಟೀ ಸೋಸುವ ಜರಡಿಯಲ್ಲಿ ಎತ್ತಿ, ಕಿಟಕಿಯ ಬಳಿ ಭೂತಗನ್ನಡಿ ಹಿಡಿದಳು. ಸಣ್ಣ ಜಾತಿಯ ಚಿಪ್ಪುಗಳು. ಒಂದೆರಡಲ್ಲ. ಎರಡು ವರ್ಷದಿಂದ ಸೂಕ್ಷ್ಮದರ್ಶಕದ ಬಲ್ಬು ಮಂಕಾಗಿದೆಯೆಂದು ಮೂರು ಸಲ ಬದಲಾಯಿಸಿದ್ದಳು. ಆ ಎರಡು ವರ್ಷದ ಎಣಿಕೆಯಲ್ಲಿ ಮೇಲಿನ ಪದರಗಳ ಸಣ್ಣ ಚಿಪ್ಪಿನ ಸಾಲಿಗೆಲ್ಲ ಸೊನ್ನೆ. ಅದನ್ನೇ ನಂಬಿ ಪ್ರಯೋಗಾಲಯದ ಮುಖ್ಯಸ್ಥರಾದ ಮೇಷ್ಟ್ರು, ಹುಲ್ಲುಗಾವಲು ಒಮ್ಮೆಲೇ ಒಣಗಿ ಮರುಭೂಮಿಯಾಯಿತೆಂದು ಬರೆದಿದ್ದರು. ಬರಹ ಕಳೆದ ತಿಂಗಳಷ್ಟೇ ಅಚ್ಚಾಗಿತ್ತು.

ಸೋಮವಾರ ಜರಡಿಯನ್ನು ಕರವಸ್ತ್ರದಲ್ಲಿ ಸುತ್ತಿ ತಂದು ಮೇಷ್ಟ್ರ ಮೇಜಿನ ಮೇಲಿಟ್ಟಳು. ಆಕೆ ಹೇಳಿ ಮುಗಿಸುವವರೆಗೂ ಅವರು ಜರಡಿಯನ್ನೇ ನೋಡುತ್ತಿದ್ದರು.

"ಹೋಗ್ಲಿ ಬಿಡಮ್ಮ, ಮತ್ತೆ ಎಣಿಸೋಣ. ಕಸ ಎಲ್ಲಿದೆ?"

"ಕುಂಡದಲ್ಲಿ ಸಾರ್. ಎಲ್ಲಾ ಪದರ ಒಂದಕ್ಕೊಂದು ಬೆರೆತುಹೋಗಿದೆ."

"ಗೋಡೆಯಿಂದ ಮತ್ತೆ..." ಎಂದು ಶುರುಮಾಡಿದವರು ನಿಲ್ಲಿಸಿದರು. ಗಣಿಯ ಆ ಗೋಡೆಯ ಮಣ್ಣು ಕಳೆದ ಬೇಸಿಗೆಯಲ್ಲೇ ಇಟ್ಟಿಗೆಯಾಗಿ ಸುಟ್ಟುಹೋಗಿತ್ತು.

ಶನಿವಾರ ಆಕೆ ಎಣಿಸಿಟ್ಟಿದ್ದ, ಬೇರೊಂದು ಗಣಿಯ ಕಸದ ತಟ್ಟೆ ಅಲ್ಲೇ ಇತ್ತು. ಆಕೆಯ ಕಣ್ಣಿಗೆ ತಪ್ಪಿದ ಚಿಪ್ಪುಗಳನ್ನು ಹೆಕ್ಕಲು ಮೇಷ್ಟ್ರು ಅದನ್ನು ಮಣ್ಣು ತೂಗುವ ಸಹಾಯಕನಿಗೆ ಕೊಟ್ಟರು. ಆಕೆಯ ತಟ್ಟೆಯನ್ನು ಇನ್ನೊಬ್ಬರು ಮುಟ್ಟಿದ್ದು ಇದೇ ಮೊದಲು. ಆಕೆ ಕುರ್ಚಿ ಬಿಟ್ಟುಕೊಟ್ಟು ಪಕ್ಕದಲ್ಲಿ ನಿಂತಳು.

"ಒಂದು," ಎಂದನು ಅವನು, ಸಂಕೋಚದಿಂದ. "ಎರಡು."

ಹನ್ನೊಂದಕ್ಕೆ ಬಂದಾಗ ದನಿ ತಗ್ಗಿಸಿದ. ಆಕೆಗೆ ಆಗಲೂ ಕೇಳಿಸುತ್ತಿತ್ತು.