ಐದಕ್ಕೆ ಐದು ಬಂದ ಬಗೆ

"ಸರ್, ನೀವು ಪಾಸಾಗಿಲ್ರಿ. ನಾನ ನಿಮ್ಮನ್ನ ಪಾಸ್ ಮಾಡಿಸೇನಿ."

ಕಳೆದ ಮಂಗಳವಾರ ಫೋನ್ ಮಾಡಿ ಹೀಗೆಂದವಳು ಪೂರ್ಣಿಮಾ. ಅಮ್ಮಿನಬಾವಿಯ ಹುಡುಗಿ. ಧಾರವಾಡದ ಒಂದು ಆಸ್ಪತ್ರೆಯಲ್ಲಿ ಕ್ಲಿನಿಕಲ್ ಸೈಕಾಲಜಿ ತರಬೇತಿಯಲ್ಲಿದ್ದಾಳೆ. ಅಂದರೆ, ಬಂದವರನ್ನು ಅವಳು ನೋಡುತ್ತಾಳೆ. ಅವಳನ್ನು ನೋಡಲು ಒಬ್ಬ ಸೂಪರ್‌ವೈಸರ್ ಮೇಡಂ ಇರುತ್ತಾರೆ. (ಈ ಏರ್ಪಾಡು ಎಲ್ಲ ಕಸುಬುಗಳಲ್ಲೂ ಇರಬಾರದೇ? ಅಂಕಣ ಬರೆಯುವವರನ್ನೂ ಸೇರಿಸಿ.)

ನಾನು ಆ ಆಸ್ಪತ್ರೆಗೆ ಹೋಗಿದ್ದೇಕೆ? ಶುರುವಾದದ್ದು ಗರಗದ ಒಂದು ಮದುವೆಯಲ್ಲಿ. ಊಟದ ಪಂಕ್ತಿಯಲ್ಲಿ ಕೂತು, ಕಾಲೇಜು ದಿನಗಳಲ್ಲಿ ನಾನು ತಪ್ಪು ರೈಲು ಹತ್ತಿ ಗದಗಿನಲ್ಲಿ ಇಳಿದ ಪ್ರಸಂಗ ಹೇಳುತ್ತಿದ್ದೆ. ಎಲ್ಲರೂ ನಕ್ಕರು. ಪಕ್ಕದಲ್ಲಿದ್ದ ದೊಡ್ಡಪ್ಪನ ಮಗ ಮಾತ್ರ ನಗಲಿಲ್ಲ.

"ಲೇ, ಗದಗಕ್ಕ ಹೋದಾಂವ ನಾನು. ನೀ ಅವತ್ತ ಮನ್ಯಾಗ ಮಕ್ಕೊಂಡಿದ್ದಿ" ಅಂದ.

ವಿಚಿತ್ರವೆಂದರೆ, ಆ ಸ್ಟೇಷನ್ನಿನ ಕಲ್ಲುಬೆಂಚು ನನಗೆ ಈಗಲೂ ಕಾಣುತ್ತದೆ. ಅದರ ತಂಪು ಕೂಡ ನೆನಪಿದೆ. ಕೂತೇ ಇಲ್ಲದ ಬೆಂಚಿನ ತಂಪು!

ನಾನು ಯಾವುದನ್ನೂ ಸುಲಭಕ್ಕೆ ನಂಬುವವನಲ್ಲ. ಯುನಿವರ್ಸಿಟಿ ಮುಗಿಸುವಷ್ಟರಲ್ಲಿ ಜಾತಕ, ಭಾಷಣ, ಪೇಪರಿನ ಹೆಡ್‌ಲೈನು ಎಲ್ಲವನ್ನೂ ಅನುಮಾನಿಸಲು ಕಲಿತಿದ್ದೆ. ನನ್ನ ತಲೆಯೊಂದನ್ನು ಬಿಟ್ಟು. ಅದೇ ಕೈಕೊಡುತ್ತಿದ್ದರೆ? ವಾರವಾರ ನೆನಪಿನಿಂದ ಅಂಕಣ ಬರೆಯುವವನು ನಾನು. ಎರಡು ವಾರ ಚಡಪಡಿಸಿ ಕೊನೆಗೆ ಆಸ್ಪತ್ರೆಗೆ ಹೋದೆ.

ಪೂರ್ಣಿಮಾ ವಾರ, ತಾರೀಖು ಕೇಳಿದಳು. ಗಡಿಯಾರದ ಚಿತ್ರ ಬರೆಸಿದಳು. ಐದು ಶಬ್ದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಅವನ್ನೇ ಕೇಳಿದಳು. ಐದೂ ಹೇಳಿದೆ. ಬೆಂಗೇರಿಯ ಮನೆಗೆ ಬಂದವನೇ ಹೆಂಡತಿ ಸುಜಾತಾಗೆ ಸಾರಿದೆ: "ಐದಕ್ಕ ಐದು!" ದೊಡ್ಡಪ್ಪನ ಮಗನಿಗೂ ಫೋನ್ ಹಚ್ಚಿದೆ. ಗದಗಕ್ಕೆ ಹೋದವನು ನಾನೇ ಎಂದು ಈಗ ಆಸ್ಪತ್ರೆಯೇ ಹೇಳಿದೆ ಎಂದೆ. (ಆಸ್ಪತ್ರೆ ಹಾಗೇನೂ ಹೇಳಿರಲಿಲ್ಲ.)

ಇದಾದ ಆರನೇ ದಿನಕ್ಕೆ ಪೂರ್ಣಿಮಾಳ ಆ ಫೋನು. ಎರಡು ಶಬ್ದ ತಾನೇ ಹೇಳಿಕೊಟ್ಟೆ ಎಂದಳು.

"ನೀ ಯಾವಾಗ ಹೇಳಿಕೊಟ್ಟಿ? ಐದೂ ನಾನ ಹೇಳೇನಲ್ಲ" ಅಂದೆ.

"ಮೂರು ಹೇಳಿ ನಿಂತ್ರಿ ಸರ್. ಮಳಿ ಬಂದ್ರ ಏನ ಹಿಡೀತೀವ್ರಿ ಅಂತ ನಾನ ಕೇಳ್ದೆ. ಛತ್ರಿ ಅಂದ್ರಿ. ಆಮ್ಯಾಲೆ, ಹಾಲು ಯಾವುದು ಕೊಡತೈತ್ರಿ ಅಂದೆ."

"ಆಕಳಾ?"

"ಅವತ್ತೂ ಹಂಗ ಅಂದ್ರಿ. ಕರೀದ್ರಿ ಸರ್, ಕರೀದು, ಅಂತ ಇನ್ನೊಮ್ಮಿ ಹೇಳ್ದೆ. ಎಮ್ಮಿ ಅಂದ್ರಿ."

ನನಗೆ ಇದರಲ್ಲಿ ಒಂದಕ್ಷರವೂ ನೆನಪಿಲ್ಲ! ಉತ್ತರ ಹೇಳಿದ್ದು ನೆನಪಿದೆ. ಹೇಳಿಸಿಕೊಂಡದ್ದು ಇಲ್ಲ.

ಈ ತರಬೇತಿಯವರಿಗೊಂದು ಕಡ್ಡಾಯ ಪದ್ಧತಿಯಿದೆಯಂತೆ. ಬಂದವರು ಏನೆಂದರು, ತಾವೇನೆಂದೆವು, ಎಲ್ಲವನ್ನೂ ಮಾತಿಗೆ ಮಾತು ಬರೆದು ಮೇಡಂ ಮುಂದಿಡಬೇಕು. ಕರೀದು ಎಂದು ಬರೆಯುವಾಗಲೇ ತಾನು ಉತ್ತರ ಹೇಳಿಕೊಟ್ಟದ್ದು ಇವಳಿಗೆ ಹೊಳೆದಿದೆ. ಅಳಿಸಬಹುದಿತ್ತು. ಅಳಿಸಲಿಲ್ಲ. ಓದಿದ ಮೇಡಂ ಪಕ್ಕದಲ್ಲಿ ಬರೆದರಂತೆ: 'ಪರೀಕ್ಷೆ ಯಾರಿಗೆ ಆಯಿತು?'

"ಯಾಕ ಹೇಳಿಕೊಟ್ಟೀ ತಂಗಿ?"

"ನಮ್ಮ ಕಾಕಾನ ವಯಸ್ಸಿನವ್ರು, ಬೆವರು ಒರಸ್ಕೊಳ್ಳಾಕತ್ತಿದ್ರಿ. ಸುಮ್ಮನ ನೋಡಕೋತ ಹೆಂಗ ಕುಂಡ್ರೂದ್ರಿ? ನನ್ನ ಟ್ರೇನಿಂಗ್ ಲೆಕ್ಕದಾಗ ಒಂದು ಕೇಸ್ ಹೋದ್ರ ಹೋಗ್ಲಿ ಸರ್. ನಿಮ್ಮ ಫೈಲ್‌ನ್ಯಾಗ ಸುಳ್ಳು ಉಳೀಬಾರದು. ಇನ್ನೊಮ್ಮಿ ಬರ್ರಿ."

ಅವಳನ್ನು ಬೈಯುವುದು ಹೇಗೆ? ಹಿರಿಯರು ತಡವರಿಸುವಾಗ ಸುಮ್ಮನಿರುವುದು ನಮ್ಮ ಕಡೆ ಒರಟುತನ. ಡಾಕ್ಟರು ಗಂಡನಿಗೆ ಎಲ್ಲಿ ನೋವು ಎಂದು ಕೇಳಿದರೆ ಹೆಂಡತಿ ಉತ್ತರ ಕೊಡುವ ಊರು ಇದು. ಆದರೂ ಎರಡು ದಿನ ಹಿಂದೆಮುಂದೆ ನೋಡಿದೆ. ಐದಕ್ಕೆ ಐದನ್ನು ಯಾರಾದರೂ ತಾವಾಗಿ ಹೋಗಿ ವಾಪಸು ಕೊಡುತ್ತಾರೆಯೇ?

ಗುರುವಾರ ಹೋದೆ. ಸುಜಾತಾ ಜೊತೆಗಿದ್ದಳು. ಮೇಡಂ ಅವಳನ್ನೂ ಒಳಗೆ ಕರೆದು ಕೂರಿಸಿದರು, ತಾವು ಮೂಲೆಯ ಕುರ್ಚಿ ಹಿಡಿದರು. ಈ ಸಲ ಬೇರೆ ಐದು ಶಬ್ದಗಳು. ಮೂರು ಬಂದವು. ನಾಲ್ಕನೆಯದಕ್ಕೆ ಬಾಯಿ ತೆರೆದೆ. ಏನೂ ಇಲ್ಲ.

ಪೂರ್ಣಿಮಾ ಎರಡೂ ಕೈ ತೊಡೆಯ ಕೆಳಗೆ ಅದುಮಿಟ್ಟುಕೊಂಡು ಕೂತಿದ್ದಳು. ಕಣ್ಣು ನೆಲದ ಮೇಲೆ. ನೋಡಿದರೆ ನನಗಿಂತ ಅವಳಿಗೇ ಹೆಚ್ಚು ಕಷ್ಟ. ಅಷ್ಟರಲ್ಲಿ ಹಿಂದಿನಿಂದ ಸುಜಾತಾಳ ದನಿ ಬಂತು:

"ಅದರೀ... ನೀರು ಸೇದೂದು..."

"ಅಕ್ಕಾರ!" ಮೇಡಂ ಕೈಯೆತ್ತಿದರು. ಆಮೇಲೆ ಮೆಲ್ಲಗೆ ಕೇಳಿದರು, "ಮನ್ಯಾಗೂ ಹಿಂಗ ಹೇಳಿಕೊಡತೀರೇನ್ರಿ?"

"ಹೇಳಿಕೊಡೂದೇನ ಬಂತ್ರಿ ಇದರಾಗ? ಅವರು 'ಅದು, ಅದು' ಅಂತಾರ. ನಾ ಹೆಸರ ಹೇಳತೇನಿ. ಅವರು ಹೂಂ ಅಂತಾರ."

"ಎಷ್ಟು ದಿನಾ ಆತ್ರಿ?"

ಸುಜಾತಾ ಲೆಕ್ಕ ಹಾಕಿದಳು. ನನ್ನ ಮುಖ ನೋಡಲಿಲ್ಲ. "ಮೂರು ವರ್ಷಾ ಆಗಿರಬೇಕ್ರಿ."

ಮೂರು ವರ್ಷ. ನನಗೆ ಗೊತ್ತೇ ಇಲ್ಲ. ಅವಳ ಹೂಬುಟ್ಟಿಯಿಂದ ಶಬ್ದ ಎತ್ತಿಕೊಂಡು ನನ್ನದೆಂದು ಮುಡಿದುಕೊಂಡು ಓಡಾಡಿದ್ದೇನೆ.

ಐದಕ್ಕೆ ಮೂರು. ಮೇಡಂ ಸಮಾಧಾನದ ಮಾತೇನೂ ಹೇಳಲಿಲ್ಲ, ಹೆದರಿಸಲೂ ಇಲ್ಲ. "ಇನ್ನೊಂದಿಷ್ಟು ಟೆಸ್ಟ್ ಮಾಡಬೇಕ್ರಿ. ಖರೇ ಅಂಕಿ ಸಿಕ್ಕೈತಿ, ಇಲ್ಲಿಂದ ಶುರು ಮಾಡೋಣ" ಎಂದರು. ಪೂರ್ಣಿಮಾಳ ಕಡೆ ತಿರುಗಿ, "ಇವತ್ತ ಛಲೋ ಮಾಡಿದಿ" ಎಂದರು. ಅವಳು ಮಾಡಿದ್ದಾದರೂ ಏನು? ಸುಮ್ಮನೆ ಕೂತಿದ್ದು.

ಸುಜಾತಾಗೂ ಈಗ ಅದೇ ಕೆಲಸ. ಮುಂದಿನ ಭೇಟಿಯವರೆಗೆ ಹೇಳಿಕೊಡುವಂತಿಲ್ಲ. ನಾನು ಎಲ್ಲೆಲ್ಲಿ ನಿಂತೆ ಎಂದು ಗುರುತು ಹಾಕಿಕೊಳ್ಳಬೇಕು. ಮೊನ್ನೆ ತಾಟಿನ ಮುಂದೆ ಕೂತು "ಇದರ ಪಲ್ಯ ಛಲೋ ಆಗೇತಿ" ಎಂದೆ. ಯಾವುದರ ಪಲ್ಯ? ಹೆಸರು ಬರಲಿಲ್ಲ. ಅವಳು ತುಟಿ ಬಿಗಿಹಿಡಿದು ಕಿಟಕಿಯ ಕಡೆ ನೋಡಿದಳು. ರೊಟ್ಟಿ ಆರುತ್ತಿತ್ತು. ಬಹಳ ಹೊತ್ತಾದ ಮೇಲೆ ಹೀರೇಕಾಯಿ ಎಂದೆ. ಅವಳ ಕಣ್ಣು ತುಂಬಿದ್ದವು.

ನಿಮ್ಮ ಮನೆಯಲ್ಲಿ ನಿಮ್ಮ ಮಾತಿನ ಕೊನೆಯ ಶಬ್ದ ಯಾರು ಹೇಳುತ್ತಾರೆ, ಒಮ್ಮೆ ಗಮನಿಸಿದ್ದೀರಾ?